ಫ್ಲೋರೈಡ್ ಅಳೆಯಿರಿ ಅಂತ ಯಾರು ಹೇಳಬೇಕಿತ್ತು?

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಶುದ್ಧ ನೀರಿನ ಘಟಕದ ಮುಂದೆ ಖಾಲಿ ಕ್ಯಾನುಗಳ ಸಾಲು ನೋಡಿರುತ್ತೀರಿ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಪಕ್ಕದಲ್ಲೇ ಪಂಚಾಯಿತಿ ಬೋರ್‌ವೆಲ್ ಇರುತ್ತೆ, ಅದರಲ್ಲಿ ನೀರೂ ಇರುತ್ತೆ, ಆದರೆ ಅದು ಬಟ್ಟೆಗೆ, ದನಕ್ಕೆ. ಕಾರಣ ಕೇಳಿದರೆ ಚಿಕ್ಕ ಹುಡುಗರೂ ಹೇಳ್ತಾರೆ: ಫ್ಲೋರೈಡ್.

ಇದೇನು ಹೊಸ ಸಂಗತಿ ಅಲ್ಲ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಾಗಿ, ಕೀಲು ಹಿಡಿದುಕೊಂಡ ಜನರನ್ನು ಪರೀಕ್ಷಿಸಿದ ಡಾಕ್ಟರುಗಳು, ಇದಕ್ಕೆ ಕುಡಿಯುವ ನೀರಿನ ಫ್ಲೋರೈಡೇ ಕಾರಣ ಅಂತ 1937ರಲ್ಲೇ ಬರೆದಿದ್ದರು. ಹಾಗಿದ್ದೂ ಆಮೇಲಿನ ಹತ್ತಾರು ವರ್ಷ ಅಂಥ ನೀರನ್ನೇ ಸರ್ಕಾರ ಜನರಿಗೆ ಕುಡಿಸಿತು. ಯಾಕೆ?

ಕಗ್ಗಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತೆ, ಆ ನೀರಿನಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ದರಂತೂ ಇನ್ನೂ ಜಾಸ್ತಿ ಕರಗುತ್ತೆ. ಕೆರೆಯದು ಮೊನ್ನೆ ಮೊನ್ನೆಯ ಮಳೆ ನೀರು, ಅದರಲ್ಲಿ ಈ ಕಾಟ ಕಡಿಮೆ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ. ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಅದರ ಕಲೆ ಕೂತುಬಿಡುತ್ತೆ.

ಸರ್ಕಾರ ಬೋರ್‌ವೆಲ್ ಹಿಂದೆ ಬಿದ್ದದ್ದು ಸುಮ್ನೆ ಅಲ್ಲ. 1966–67ರ ಭೀಕರ ಬರದ ಹೊತ್ತಿಗೆ ಗಟ್ಟಿ ಕಲ್ಲು ಕೊರೆಯುವ ಯಂತ್ರಗಳು ಯುನಿಸೆಫ್ ನೆರವಿನಿಂದ ದೇಶಕ್ಕೆ ಬಂದವು. ಆಗ ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಶತ್ರು ಕಾಲರಾ, ವಾಂತಿಭೇದಿ, ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದ ನಾರು ಹುಣ್ಣು ಅನ್ನೋ ಹುಳುವಿನ ರೋಗ. ತೆರೆದ ಬಾವಿ ಬಿಡಿಸಿ, ಮುಚ್ಚಿದ ಕೊಳವೆಯ ನೀರು ಕೊಡೋದು ಒಳ್ಳೆಯ ಉಪಾಯವೇ. ನಾರು ಹುಣ್ಣು ಓಡಿಸೋದರಲ್ಲಿ ಅದರ ಪಾಲೂ ಇದೆ, ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. ಕೈಪಂಪು ರಾಜಕೀಯಕ್ಕೂ ಒಗ್ಗುತ್ತಿತ್ತು ಅನ್ನಿ. ಒಂದೇ ದಿನದಲ್ಲಿ ಕೊರೆದು, ಮಾರನೇ ವಾರ ಕಾಯಿ ಒಡೆದು, ಫೋಟೋ ತೆಗೆಸಿಕೊಳ್ಳಬಹುದಿತ್ತು. ಎಷ್ಟು ಕೊರೆದೆವು ಅನ್ನೋದು ಲೆಕ್ಕದ ಪುಸ್ತಕಕ್ಕೆ ಹೋಯಿತು, ಏನು ಬಂತು ಅನ್ನೋದು ಹೋಗಲಿಲ್ಲ.

ವಿಜ್ಞಾನ ಎಲ್ಲವನ್ನೂ ತಾನಾಗೇ ನೋಡಿ ಹೇಳಿಬಿಡುತ್ತೆ ಅಂತ ನಂಬುವವರು ಬಾಂಗ್ಲಾದೇಶದ ಕಥೆ ಕೇಳಬೇಕು. ಅಲ್ಲೂ ಕೊಳೆತ ಕೆರೆ ನೀರು ಬಿಡಿಸಿ ಜನರಿಗೆ ಕೊಳವೆ ಬಾವಿ ಕೊಟ್ಟಿದ್ದರು. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಅಲ್ಲಿನ ಅಂತರ್ಜಲ ಪರೀಕ್ಷಿಸಿತು. ಒಳ್ಳೆಯ ಲ್ಯಾಬು, ಪಳಗಿದ ವಿಜ್ಞಾನಿಗಳು, ಸಾಲು ಸಾಲು ಧಾತುಗಳನ್ನು ಅಳೆದರು. ಆರ್ಸೆನಿಕ್ ಅನ್ನೋ ವಿಷ ಆ ಪಟ್ಟಿಯಲ್ಲಿ ಇರಲೇ ಇಲ್ಲ. ನೀರಿನಲ್ಲಿ ಮಾತ್ರ ಇತ್ತು, ಕೋಟ್ಯಂತರ ಜನ ಅದನ್ನೇ ಕುಡಿಯುತ್ತಿದ್ದರು. ವಿಷ ಉಂಡ ಹಳ್ಳಿಗನೊಬ್ಬ ಆ ಸಮೀಕ್ಷೆ ನಡೆಸಿದವರ ವಿರುದ್ಧ ಬ್ರಿಟನ್ನಿನ ಕೋರ್ಟಿಗೆ ಹೋದ. 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ದಾವೆ ವಜಾ ಮಾಡಿತು. ಈ ನೀರು ಕುಡಿಯಲು ಯೋಗ್ಯ ಅಂತ ಆ ಸಮೀಕ್ಷೆಯ ವರದಿ ಹೇಳಿರಲೇ ಇಲ್ಲವಲ್ಲ, ಇವರ ಮೇಲೆ ಹೊಣೆ ಹೊರಿಸಲಾಗದು ಅಂತ. ಕಾನೂನಿನ ಪ್ರಕಾರ ಸರಿಯೇ ಇರಬಹುದು, ನನಗೆ ಮಾತ್ರ ಇಂದಿಗೂ ಗಂಟಲಲ್ಲಿ ಇಳಿಯಲ್ಲ.

ಅಳೆದ ಮೇಲಾದರೂ ಜಗಳ ಮುಗಿಯುತ್ತಾ? ವಿಶ್ವ ಆರೋಗ್ಯ ಸಂಸ್ಥೆ 1984ರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಅಂತ ಫ್ಲೋರೈಡಿಗೆ ಗೆರೆ ಎಳೆಯಿತು. ಆ ಸಂಸ್ಥೆ ನೀರಿನ ಮಿತಿಗಳನ್ನು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಹಿಡಿಯೋದು ದೊಡ್ಡವರಿಗೆ ದಿನಕ್ಕೆ 2 ಲೀಟರ್. ಹಾಗೆ ನೋಡಿದರೆ 3 ಮಿಲಿಗ್ರಾಂ ಆಯಿತು. ಏಪ್ರಿಲ್ ಬಿಸಿಲಲ್ಲಿ ಚಳ್ಳಕೆರೆ ಹೊಲದಲ್ಲಿ ಕೂಲಿ ಮಾಡುವ ಹೆಂಗಸು 2 ಲೀಟರಿನಲ್ಲಿ ದಿನ ಕಳೆಯೋಕೆ ಆಗುತ್ತಾ? 5 ಲೀಟರ್ ಕುಡಿದರೆ, ನೀರು ಅದೇ ಮಿತಿಯೊಳಗೇ ಇದ್ದರೂ, 7.5 ಮಿಲಿಗ್ರಾಂ. ಟೀ, ಅನ್ನ, ಸಾರಿನ ನೀರು ಬೇರೆ. ಆಯಾ ದೇಶದ ಹವೆ ನೋಡಿ, ಜನ ಎಷ್ಟು ಕುಡೀತಾರೆ ನೋಡಿ ಮಿತಿ ಇಟ್ಟುಕೊಳ್ಳಿ ಅಂತ ಆ ಸಂಸ್ಥೆಯೇ ಹೇಳಿದೆ. ನಮ್ಮ ಭಾರತೀಯ ಮಾನಕ 1.0 ಅನ್ನುತ್ತೆ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತೆ ಅಂತಲೂ ಸೇರಿಸುತ್ತೆ. ಆ ‘ಸಿಗದಿದ್ದರೆ’ ಲ್ಯಾಬಿನಲ್ಲಿ ಹುಟ್ಟಿದ ಮಾತಲ್ಲ, ಸರ್ಕಾರದ ಬೊಕ್ಕಸ ನೋಡಿ ಬರೆದದ್ದು ಅಂತ ನನ್ನ ಗುಮಾನಿ.

ಇನ್ನು 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು. ಅದನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ರೈತನ ಕಷ್ಟ ನೋಡಿದರೆ ಮುಟ್ಟಿ ಅನ್ನೋಕೆ ನನಗೂ ಬಾಯಿ ಬರಲ್ಲ. ಆದರೆ ನೀರು ಕೆಳಗಿಳಿದಂತೆಲ್ಲ ಬೋರು ಆಳಕ್ಕೆ ಹೋಗುತ್ತೆ, ಆಳದಲ್ಲಿ ಸಿಗೋದು ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದ ನೀರು. ಘಟಕದಲ್ಲಿ ಸೋಸಿ ಉಳಿದ ಫ್ಲೋರೈಡಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಹಿಂದಿನ ಪೈಪು ಹಿಡಿದು ಹೋಗಿ ನೋಡಿ. ಬಹಳ ಕಡೆ ಪಕ್ಕದ ಚರಂಡಿಗೇ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು ಅಂತಿದೆ. ಕಿಟ್ಟಿನಲ್ಲಿ ಜಿರ್ಕೋನಿಯಂ-ಅಲಿಜರಿನ್ ದ್ರಾವಣ ಇದ್ದರೆ, ಹನಿ ಹಾಕಿದಾಗ ನೀರು ಗುಲಾಬಿ ಉಳಿದರೆ ಫ್ಲೋರೈಡ್ ಕಮ್ಮಿ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಮನೆ ಬಿಲ್ಲಿನ ಜೊತೆಗೆ ನಮ್ಮ ಬೋರಿನ ಫ್ಲೋರೈಡ್ ಎಷ್ಟು, ಯಾವ ತಿಂಗಳು ನೋಡಿದ್ದು ಅಂತಲೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಹೊಸ ಬೋರಾದರೆ ಮೋಟಾರ್ ಇಳಿಸುವ ಮುಂಚೆಯೇ ಕೇಳಿ. ಪೂಜೆ ಆಗಿ ಫ್ಲೆಕ್ಸ್ ಕಟ್ಟಿದ ಮೇಲೆ ಅದನ್ನು ಮುಚ್ಚಿಸೋದು ಯಾವ ಸದಸ್ಯನ ಕೈಲೂ ಆಗಲ್ಲ.