ಮಡಿಕೇರಿಯ ಗಾಳಿಗೆ ಮಂಗಳೂರಿನ ಲೆಕ್ಕ ಸಾಲದು

ಮೆಡಿಕಲ್ ಫಿಸಿಕ್ಸ್ ಓದಿ, ಮಂಗಳೂರಿನಂಥ ಕರಾವಳಿ ಊರಿನ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಕೊಡಗಿಗೆ ಬಂದವರು ಸಿಟಿ ಸ್ಕ್ಯಾನ್ ಯಂತ್ರ ಕೊಡುವ ವಿಕಿರಣದ ಪ್ರಮಾಣ, ಅಂದರೆ ಡೋಸ್ ಅಳೆಯುವಾಗ ಸುಲಭವಾಗಿ ಎಡವುವುದು ಗಾಳಿಯ ಒತ್ತಡದಲ್ಲಿ. ಫೋನಿನ ಹವಾಮಾನ ಆ್ಯಪ್ ಮಡಿಕೇರಿಗೆ 1010 ಹೆಕ್ಟೊಪ್ಯಾಸ್ಕಲ್ ಎಂದು ತೋರಿಸುತ್ತದೆ. ಅದೇ ಹೊತ್ತಿಗೆ ಸ್ಕ್ಯಾನ್ ಕೋಣೆಯಲ್ಲಿ ಬ್ಯಾರೋಮೀಟರ್ ಇಟ್ಟರೆ ಬರುವುದು 885ರ ಆಸುಪಾಸು. ಎರಡರಲ್ಲೂ ಸುಳ್ಳಿಲ್ಲ. ಊರೂರಿನ ಹವೆಯನ್ನು ಹೋಲಿಸಿ ನೋಡಲು ಬರಲೆಂದು ಹವಾಮಾನದವರು ಒತ್ತಡವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತಂದು ಹೇಳುತ್ತಾರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಮಂಗಳೂರಿನಲ್ಲಿ ಆ್ಯಪ್‌ನ ಅಂಕಿಗೂ ಬ್ಯಾರೋಮೀಟರಿಗೂ ಹೆಚ್ಚು ವ್ಯತ್ಯಾಸ ಬಾರದ ಕಾರಣ, ಅಲ್ಲಿ ಕಲಿತವರಿಗೆ ಇದು ತಪ್ಪು ಎಂದು ಅನಿಸಿಯೇ ಇರುವುದಿಲ್ಲ.

ಒತ್ತಡ ಯಾಕೆ ಮುಖ್ಯ? ಡೋಸ್ ಅಳೆಯುವ ಅಯಾನ್ ಚೇಂಬರ್ ಎಂಬ ಪುಟ್ಟ ಉಪಕರಣದೊಳಗೆ ಇರುವುದು ಬರೀ ಗಾಳಿ, ಅದೂ ಕೋಣೆಯ ಗಾಳಿಗೆ ತೆರೆದುಕೊಂಡದ್ದು. ವಿಕಿರಣ ಆ ಗಾಳಿಯಲ್ಲಿ ಹುಟ್ಟಿಸಿದ ವಿದ್ಯುದಂಶವನ್ನು ಎಲೆಕ್ಟ್ರೋಮೀಟರ್ ಎಣಿಸುತ್ತದೆ. ರೇಡಿಯೊಥೆರಪಿಯಲ್ಲಿ, ಅಂದರೆ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯಲ್ಲಿ, ಬಳಸುವ 0.6 ಸಿಸಿ ಚೇಂಬರ್‌ನಲ್ಲಿ ಸಮುದ್ರಮಟ್ಟದಲ್ಲಿ, 20 ಡಿಗ್ರಿಯಲ್ಲಿ ಸುಮಾರು 0.72 ಮಿಲಿಗ್ರಾಂ ಗಾಳಿ ಹಿಡಿಯುತ್ತದೆ. ಮಡಿಕೇರಿಯಲ್ಲಿ, 22 ಡಿಗ್ರಿಯಲ್ಲಿ, ಅದೇ ಚೇಂಬರ್‌ಗೆ ಸಿಗುವುದು 0.63 ಮಿಲಿಗ್ರಾಂ. ಗಾಳಿ ಕಡಿಮೆಯಾದಷ್ಟು ಎಣಿಕೆಯೂ ಕಡಿಮೆ. ಅದನ್ನು ಸರಿದೂಗಿಸಲು 273.2ಕ್ಕೆ ಈಗಿನ ಉಷ್ಣತೆ ಕೂಡಿಸಿ, ಅದನ್ನು 293.2ರಿಂದ ಭಾಗಿಸಿ, ಬಂದದ್ದನ್ನು 1013.25ರಿಂದ ಗುಣಿಸಿ, ಈಗಿನ ಒತ್ತಡದಿಂದ ಭಾಗಿಸಬೇಕು. 22 ಡಿಗ್ರಿ, 885 ಹೆಕ್ಟೊಪ್ಯಾಸ್ಕಲ್‌ಗೆ ಬರುವ ಗುಣಕ 1.153. ಆ್ಯಪ್‌ನ 1010 ಹಾಕಿದರೆ ಬರುವುದು 1.010 ಮಾತ್ರ. ಈ ಸೂತ್ರ 20 ಡಿಗ್ರಿಯನ್ನು ಆಧಾರವಾಗಿ ಇಟ್ಟುಕೊಂಡದ್ದು; ಕೆಲವು ಚೇಂಬರ್‌ಗಳ ಕ್ಯಾಲಿಬ್ರೇಷನ್ ಪ್ರಮಾಣಪತ್ರದಲ್ಲಿ 22 ಇರುತ್ತದೆ, ಓದದೆ ಕೈಹಾಕಬಾರದು.

ಸಿಟಿಗೆ ಬಳಸುವ ಉದ್ದನೆಯ ಪೆನ್ಸಿಲ್ ಚೇಂಬರ್‌ನಲ್ಲಿ ಈ ತಪ್ಪಾದರೆ ಡೋಸ್ ಇರುವುದಕ್ಕಿಂತ ಶೇ. 12ರಷ್ಟು ಕಡಿಮೆ ಎಂದು ದಾಖಲಾಗುತ್ತದೆ. ರೇಡಿಯೊಥೆರಪಿ ಯಂತ್ರದಲ್ಲಿ ಪರಿಣಾಮ ಇನ್ನೂ ಕ್ರೂರ. ಯಂತ್ರ ಕಡಿಮೆ ಕೊಡುತ್ತಿದೆ ಎಂದು ನಂಬಿ ಅದನ್ನು ಏರಿಸಿಬಿಡುತ್ತಾರೆ. 60 ಗ್ರೇ (ಡೋಸ್ ಅಳೆಯುವ ಮಾನ) ಬರೆದ ರೋಗಿಗೆ 68 ಗ್ರೇ ದಾಟುತ್ತದೆ. ಒಬ್ಬ ರೋಗಿಗಲ್ಲ, ತಪ್ಪು ಸಿಕ್ಕುವವರೆಗೆ ಆ ಯಂತ್ರದ ಕೆಳಗೆ ಮಲಗಿದ ಪ್ರತಿಯೊಬ್ಬರಿಗೂ.

ಬ್ಯಾರೋಮೀಟರ್ ಇದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಗೋಡೆಗೆ ನೇತುಹಾಕುವ ಮುಳ್ಳಿನ ಬ್ಯಾರೋಮೀಟರ್‌ನ ಹಿಂದೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಯಾರಾದರೂ ಹವಾಮಾನ ವರದಿಗೆ ಹೊಂದಲಿ ಎಂದು ಅದನ್ನು ತಿರುಗಿಸಿದ್ದರೆ ಅದೂ ಸಮುದ್ರಮಟ್ಟದ ಅಂಕಿಯನ್ನೇ ತೋರಿಸುತ್ತದೆ. ಬಾಯಿಲೆಕ್ಕದಲ್ಲಿ ಪರೀಕ್ಷಿಸಬಹುದು: ನಮ್ಮ ಎತ್ತರಗಳಲ್ಲಿ ಪ್ರತಿ 9 ಮೀಟರ್ ಏರಿದರೆ ಸುಮಾರು 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಮಡಿಕೇರಿಗಿಂತ 300 ಮೀಟರ್‌ನಷ್ಟು ಕೆಳಗಿರುವ ಕುಶಾಲನಗರಕ್ಕೆ ಹೋದರೆ ಒತ್ತಡ ಸುಮಾರು 30 ಹೆಚ್ಚಿರಬೇಕು. ಬೆಳಿಗ್ಗೆ ಮಡಿಕೇರಿಯಲ್ಲಿ ಬರೆದುಕೊಂಡ ಅಂಕಿಯನ್ನು ಮಧ್ಯಾಹ್ನ ಅಲ್ಲಿ ಬಳಸಿದರೂ ಶೇ. 3ರಷ್ಟು ತಪ್ಪು.

ಇದರ ಉಲ್ಟಾ ತಪ್ಪೂ ಇದೆ. ಸೆಮಿಕಂಡಕ್ಟರ್ ಡಿಟೆಕ್ಟರ್‌ಗೆ, ಗಾಳಿಯಾಡದಂತೆ ಮುಚ್ಚಿದ ಚೇಂಬರ್‌ಗೆ ಈ ಗುಣಕ ಬೇಡ. ಕೆಲವು ಮೀಟರ್‌ಗಳು ಒಳಗೇ ಒತ್ತಡ ಅಳೆದು ತಿದ್ದಿಕೊಂಡಿರುತ್ತವೆ. ಅದರ ಮೇಲೆ ನಾವೂ ಗುಣಿಸಿದರೆ ಡೋಸ್ ಶೇ. 15ರಷ್ಟು ಉಬ್ಬುತ್ತದೆ.

ಮಳೆಗಾಲದ್ದು ಬೇರೆಯೇ ಕಾಟ. ಕಕ್ಕಡದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಗಾಳಿಯ ಆರ್ದ್ರತೆ ಶೇ. 20ರಿಂದ 80ರೊಳಗಿದ್ದರೆ ಲೆಕ್ಕ ತಿದ್ದಬೇಕಾಗಿಲ್ಲ. ಇಲ್ಲಿ ವಾರಗಟ್ಟಲೆ ಅದು ಮೀರಿರುತ್ತದೆ. ತೇವ ಕೂರುವುದು ಕೇಬಲ್‌ನ ಕನೆಕ್ಟರ್‌ನಲ್ಲಿ. ಅಳೆಯುವ ಮೊದಲು ವೋಲ್ಟೇಜ್ ಕೊಟ್ಟು, ಎಕ್ಸ್‌ರೇ ಹಾಯಿಸದೆ ಒಂದು ನಿಮಿಷ ಎಣಿಸಲು ಬಿಡಿ. ಅಂಕಿ ತಾನಾಗಿಯೇ ತೆವಳುತ್ತಾ ಹೋದರೆ ಅದು ಸೋರಿಕೆ; ನಿಜವಾದ ಅಳತೆಯ ಶೇ. 0.1ಕ್ಕಿಂತ ಕಡಿಮೆ ಇರಬೇಕು. ಕನೆಕ್ಟರ್‌ಗೆ ಬಾಯಿಂದ ಊದಬೇಡಿ, ಉಸಿರಿನಲ್ಲೂ ನೀರಿದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ನೋಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದ್ದರೆ ಅದು ಇದ್ದೂ ಇಲ್ಲದಂತೆ.

ಇದೆಲ್ಲ ಕೈಗೆ ಹತ್ತುವುದು ಇಂಟರ್ನ್‌ಶಿಪ್‌ನಲ್ಲಿ. ಭೌತಶಾಸ್ತ್ರದ ಎಂ.ಎಸ್ಸಿ. ಆದವರಿಗೆ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ (ಬಾರ್ಕ್) ನಡೆಸುವ ಒಂದು ವರ್ಷದ ರೇಡಿಯೊಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ 1962ರಿಂದ ಇದೆ. ವಿಕಿರಣ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡುವ ದಾರಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿದೆ. ಆಮೇಲೆ ರೇಡಿಯೊಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್, ನಂತರ ವಿಕಿರಣ ಸುರಕ್ಷತಾ ಅಧಿಕಾರಿಯ ಪರೀಕ್ಷೆ. ಆ 12 ತಿಂಗಳಲ್ಲಿ ಸಾಫ್ಟ್‌ವೇರ್ ಮುಚ್ಚಿಟ್ಟು ಕಾಗದದ ಮೇಲೆ ಈ ಗುಣಕ ಕಟ್ಟುವುದನ್ನು ಕಲಿಸಿ ಎಂದು ಹಿರಿಯರನ್ನು ಕೇಳಲೇಬೇಕು. ನಾಚಿಕೆಪಡುವ ವಿಷಯ ಇದಲ್ಲ. ರೋಗಿಯ ದೇಹದ ಬದಲು ಇಡುವ ನೀರಿನ ತೊಟ್ಟಿಯಲ್ಲಿ, ಅಂದರೆ ವಾಟರ್ ಫ್ಯಾಂಟಮ್‌ನಲ್ಲಿ, ಅಳೆಯುವಾಗ ಥರ್ಮಾಮೀಟರ್ ನೀರಿನಲ್ಲೇ ಇರಲಿ. ಕೋಣೆಯ ಉಷ್ಣತೆ ಬರೆದು 3 ಡಿಗ್ರಿ ತಪ್ಪಿದರೆ ಡೋಸ್ ಶೇ. 1ರಷ್ಟು ತಪ್ಪುತ್ತದೆ.

ಲಾಗ್‌ಬುಕ್‌ನಲ್ಲಿ ಬರೀ "ಒತ್ತಡ 885" ಎಂದು ಬರೆದರೆ ಸಾಲದು. ಯಾವ ಬ್ಯಾರೋಮೀಟರ್, ಅದರ ಕ್ರಮಸಂಖ್ಯೆ, ಕ್ಯಾಲಿಬ್ರೇಷನ್ ಆದ ದಿನ, ಅಳೆದ ಕೋಣೆ, ಅಳೆದ ಹೊತ್ತು, ಮೀಟರ್ ತಾನೇ ತಿದ್ದಿದೆಯೋ ಇಲ್ಲವೋ, ಇಷ್ಟೂ ಇರಲಿ. ಎರಡು ವರ್ಷ ಬಿಟ್ಟು ಅದೇ ಯಂತ್ರದ ಮುಂದಿನ ಪರೀಕ್ಷೆಗೆ ಬರುವವರು ನೀವೇ ಆಗಿರಬೇಕೆಂದಿಲ್ಲ.