ಆಂಡ್ರೊಮಿಡಾ ಎಷ್ಟು ದೂರ?

ಖಗೋಳಜ್ಞ ಹಬಲ್ ದೊಡ್ಡ ದೂರದರ್ಶಕದಲ್ಲಿ ಇಣುಕಿದ, ಬೇರೆ ಗ್ಯಾಲಕ್ಸಿಗಳು, ಅಂದರೆ ನಕ್ಷತ್ರಗಳ ಭಾರೀ ಗುಂಪುಗಳು, ಕಂಡವು, ಕತೆ ಮುಗೀತು. ಹೀಗೆ ಬರೆದದ್ದನ್ನು ಓದಿದಾಗಲೆಲ್ಲ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಬರೀ ಕಾಣೋದೇ ಮುಖ್ಯ ಆಗಿದ್ದರೆ ದೂರದರ್ಶಕವೇ ಬೇಕಿರಲಿಲ್ಲ. ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರ ನಿಂತರೆ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಕಾಣುತ್ತದೆ, ಬೆರಳಲ್ಲಿ ಒರೆಸಿದ ಸೀಮೆಸುಣ್ಣದ ಗುರುತಿನ ಹಾಗೆ. ಪರ್ಷಿಯಾದ ಅಲ್ ಸೂಫಿ 964ರ ಸುಮಾರಿಗೇ ಅದನ್ನು ಪುಟ್ಟ ಮೋಡ ಅಂತ ಬರೆದಿಟ್ಟಿದ್ದ. ಫ್ರಾನ್ಸಿನ ಮೆಸ್ಸಿಯೇ ತನ್ನ ಪಟ್ಟಿಯಲ್ಲಿ ಅದಕ್ಕೆ 31ನೇ ನಂಬರ್ ಕೊಟ್ಟ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಇಂಥದೇ ಇನ್ನೊಂದು ಮಬ್ಬಿನಲ್ಲಿ ಸುರುಳಿಯನ್ನು ಕಂಡು ಚಿತ್ರವನ್ನೂ ಬಿಡಿಸಿದ. ಎಲ್ಲರೂ ನೋಡಿದ್ದೇ ನೋಡಿದ್ದು. ಎಷ್ಟು ದೂರ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ದೂರ ಗೊತ್ತಿಲ್ಲದೆ ಗಾತ್ರ ಹೇಗೆ ಗೊತ್ತಾಗಬೇಕು? ಕತ್ತಲಲ್ಲಿ ಒಂದು ಬೆಳಕು ಕಂಡರೆ ಅದು ಪಕ್ಕದ ಮಿಂಚುಹುಳವೋ, ಬೆಟ್ಟದಾಚೆಯ ದೊಡ್ಡ ದೀಪವೋ ಹೇಳೋದು ಕಷ್ಟ. ಸುರುಳಿಗಳ ವಿಷಯವೂ ಅಷ್ಟೇ. ಹತ್ತಿರವಿದ್ದರೆ ಅವು ನಮ್ಮದೇ ಗ್ಯಾಲಕ್ಸಿಯಾದ ಕ್ಷೀರಪಥದೊಳಗಿನ ಅನಿಲದ ಸುಳಿಗಳು. ಬಹಳ ದೂರವಿದ್ದರೆ ಒಂದೊಂದೂ ಇನ್ನೊಂದು ಕ್ಷೀರಪಥ. ತತ್ವಜ್ಞಾನಿ ಕಾಂಟ್ 1755ರಲ್ಲೇ ಎರಡನೆಯದನ್ನು ಊಹಿಸಿದ್ದ. ಊಹೆ ಸರಿಯಾಗಿಯೇ ಇತ್ತು, ಅಳೆಯೋಕೆ ದಾರಿ ಇರಲಿಲ್ಲ.

ಅಳೆಯದೆ ವಾದ ಮಾಡಿದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ 1920ರ ಏಪ್ರಿಲ್ 26ಕ್ಕೆ ಹೋಗಬೇಕು. ವಾಷಿಂಗ್ಟನ್‌ನಲ್ಲಿ ಖಗೋಳಜ್ಞರಾದ ಹಾರ್ಲೊ ಶಾಪ್ಲಿ ಮತ್ತು ಹೀಬರ್ ಕರ್ಟಿಸ್ ಎದುರುಬದುರಾದರು. ಕ್ಷೀರಪಥದ ಅಡ್ಡಗಲ 3 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ), ಬೇರೆ ಗ್ಯಾಲಕ್ಸಿಗಳು ಅನ್ನೋ ಮಾತೇ ಬೇಡ ಅಂತ ಶಾಪ್ಲಿ. ಸುರುಳಿಗಳು ಬೇರೆಯೇ ಗ್ಯಾಲಕ್ಸಿಗಳು ಅಂತ ಕರ್ಟಿಸ್. ಶಾಪ್ಲಿಯ ಕೈಯಲ್ಲಿ ಒಂದು ಗಟ್ಟಿ ಸಾಕ್ಷ್ಯವೂ ಇತ್ತು. ಗೆಳೆಯ ವಾನ್ ಮಾನನ್ ಒಂದು ಸುರುಳಿ ತಿರುಗುವುದನ್ನು ಫೋಟೊಗಳಲ್ಲೇ ಅಳೆದಿದ್ದ. ಅದು ಅಷ್ಟು ದೂರದಲ್ಲಿದ್ದೂ ತಿರುಗಿದ್ದು ಕಾಣಬೇಕಾದರೆ ಬೆಳಕಿಗಿಂತ ವೇಗವಾಗಿ ಓಡಬೇಕು! ವಾದವೇನೋ ಸೊಗಸಾಗಿತ್ತು. ಅಳತೆಯೇ ತಪ್ಪು ಅಂತ ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ಯಾರೂ ಗೆಲ್ಲಲಿಲ್ಲ.

ತಮಾಷೆಯೆಂದರೆ, ಬೇಕಾಗಿದ್ದ ಅಳತೆಪಟ್ಟಿ ಅಷ್ಟೊತ್ತಿಗೆ ತಯಾರಾಗಿತ್ತು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಲೆಕ್ಕ ಮಾಡುವ ಹೆಂಗಸರನ್ನು ಆಗ ‘ಕಂಪ್ಯೂಟರ್’ ಅಂತಲೇ ಕರೆಯುತ್ತಿದ್ದರು. ಅವರಲ್ಲಿ ಒಬ್ಬಳು ಹೆನ್ರಿಯೆಟಾ ಲೀವಿಟ್. ಪೆರುವಿನಲ್ಲಿ ತೆಗೆದ ಗಾಜಿನ ಫೋಟೊ ಫಲಕಗಳನ್ನು ಒಂದೊಂದಾಗಿ ನೋಡುವುದು ಅವಳ ಕೆಲಸ. ನೆಗೆಟಿವ್ ಆದ್ದರಿಂದ ಆಕಾಶ ಬೆಳ್ಳಗೆ, ನಕ್ಷತ್ರಗಳು ಕರಿಚುಕ್ಕೆ. ಹೋದ ತಿಂಗಳ ಚುಕ್ಕೆಗಿಂತ ಈ ತಿಂಗಳದ್ದು ಒಂಚೂರು ದಪ್ಪವೋ ತೆಳುವೋ ಅಂತ ಹೋಲಿಸಬೇಕು. ಹೀಗೆ ಅವಳು ದಕ್ಷಿಣದ ಆಕಾಶದಲ್ಲಿ ಕಾಣುವ ಎರಡು ನಕ್ಷತ್ರಗುಂಪುಗಳಾದ ಮೆಗೆಲನ್ ಮೋಡಗಳಲ್ಲೇ 1777 ಮಿಣುಕುವ ನಕ್ಷತ್ರಗಳನ್ನು ಪಟ್ಟಿ ಮಾಡಿದಳು. 1912ರಲ್ಲಿ ಚಿಕ್ಕ ಮೆಗೆಲನ್ ಮೋಡದ 25 ನಕ್ಷತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ನಿಧಾನಕ್ಕೆ ಮಿಣುಕುವುದೆಲ್ಲ ಜಾಸ್ತಿ ಪ್ರಕಾಶದ್ದು! ಅವೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಇದು ಕಣ್ಣಿನ ಮೋಸವಲ್ಲ, ನಿಜವಾದ ಪ್ರಕಾಶದ ವ್ಯತ್ಯಾಸ.

ಸೆಫೀಡ್ ಅಂತ ಕರೆಯುವ ಈ ನಕ್ಷತ್ರಗಳು ಯಾಕೆ ಮಿಣುಕುತ್ತವೆ? ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾದದ್ದು ಇದೇ, ಸ್ವಲ್ಪ ತಡೆದುಕೊಳ್ಳಿ. ಕುದಿಯುವ ಪಾತ್ರೆಯ ಮುಚ್ಚಳ ನೆನಪಿಸಿಕೊಳ್ಳಿ. ಆವಿ ಕೂಡುತ್ತದೆ, ಮುಚ್ಚಳ ಏಳುತ್ತದೆ, ಆವಿ ಹೊರಗೆ ಹೋಗುತ್ತದೆ, ಮುಚ್ಚಳ ಟಪ್ ಅಂತ ಕೂರುತ್ತದೆ. ಸೆಫೀಡ್‌ನಲ್ಲಿ ಮುಚ್ಚಳದ ಕೆಲಸ ಮಾಡೋದು ಹೀಲಿಯಂ ಪದರ. ನಕ್ಷತ್ರ ಕುಗ್ಗಿದಾಗ ಆ ಪದರ ಕಾದು, ಹೀಲಿಯಂ ತನ್ನ ಎರಡನೇ ಎಲೆಕ್ಟ್ರಾನನ್ನೂ ಕಳೆದುಕೊಳ್ಳುತ್ತದೆ. ಆಗ ಬೆಳಕು ಅದನ್ನು ದಾಟೋದು ಕಷ್ಟ. ಶಾಖ ಒಳಗೇ ಸಿಕ್ಕಿಬಿದ್ದು ಪದರವನ್ನು ಹೊರಗೆ ತಳ್ಳುತ್ತದೆ. ಹಿಗ್ಗಿದ ಮೇಲೆ ತಣ್ಣಗಾಗಿ, ಎಲೆಕ್ಟ್ರಾನ್ ವಾಪಸ್ ಬಂದು, ಪದರ ತಿಳಿಯಾಗುತ್ತದೆ. ಶಾಖ ಹೊರಗೆ ಹೋಗುತ್ತದೆ, ನಕ್ಷತ್ರ ಮತ್ತೆ ಕುಗ್ಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಿದ್ದರೆ ಅದು ನಿಲ್ಲೋದಿಲ್ಲ, ಅಲ್ವಾ? ಹಾಗೇ ಇದೂ. ದೊಡ್ಡ ಗಂಟೆ ನಿಧಾನಕ್ಕೆ ಕಂಪಿಸುತ್ತದೆ, ಚಿಕ್ಕ ಗೆಜ್ಜೆ ಬೇಗ ಬೇಗ. ದೊಡ್ಡ ಸೆಫೀಡ್ ಕೂಡ ಹಾಗೆಯೇ ನಿಧಾನ, ಮತ್ತು ದೊಡ್ಡದಾದ್ದರಿಂದ ಪ್ರಕಾಶವೂ ಹೆಚ್ಚು.

ಈಗ ಅಳೆಯೋದು ಸುಲಭ. ಮಿಣುಕುವ ಅವಧಿ ನೋಡಿದರೆ ನಿಜವಾದ ಪ್ರಕಾಶ ಗೊತ್ತಾಯಿತು. ನಮಗೆ ಕಾಣುವಾಗ ಅದು ಎಷ್ಟು ಮಂಕಾಗಿದೆ ಅನ್ನೋದರಿಂದ ದೂರ ಸಿಕ್ಕಿತು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಅಷ್ಟೇ ಲೆಕ್ಕ.

1923ರ ಅಕ್ಟೋಬರ್ ಮೊದಲ ವಾರ, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್. 100 ಇಂಚಿನ ಹೂಕರ್ ದೂರದರ್ಶಕದಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದ ಫೋಟೊ ತೆಗೆದ. ಫಲಕದಲ್ಲಿ ಮೂರು ಹೊಸ ಚುಕ್ಕೆ. ಒಮ್ಮೆಲೇ ಹೊತ್ತಿಕೊಳ್ಳುವ ‘ನೋವಾ’ಗಳಿರಬೇಕು ಅಂತ ಮೂರರ ಪಕ್ಕದಲ್ಲೂ ಇಂಗ್ಲಿಷಿನ ‘ಎನ್’ ಅಕ್ಷರ ಬರೆದ. ಆಮೇಲೆ ಹಳೆಯ ಫಲಕಗಳನ್ನು ತೆಗೆದು ಹೋಲಿಸಿದರೆ ಅದರಲ್ಲಿ ಒಂದು ಚುಕ್ಕೆ ಮುಂಚೆಯೂ ಇದೆ, ಮಂಕಾಗಿ, ಪ್ರಕಾಶವಾಗಿ, ಮತ್ತೆ ಮಂಕಾಗಿ! ಆ ‘ಎನ್’ ಹೊಡೆದುಹಾಕಿ ‘ವೇರಿಯಬಲ್’ ಪದದ ಮೊದಲ ಮೂರು ಅಕ್ಷರ ಗೀಚಿದ, ಮುಂದೆ ಒಂದು ಆಶ್ಚರ್ಯಸೂಚಕ. ಇವತ್ತಿಗೂ ಆ ಗಾಜಿನ ಮೇಲೆ ಅದು ಹಾಗೇ ಇದೆ. ಅವಧಿ 31 ದಿನದ ಮೇಲೆ ಸ್ವಲ್ಪ. ಅಂದರೆ ನಮ್ಮ ಸೂರ್ಯನ ಸಾವಿರಾರು ಪಟ್ಟು ಪ್ರಕಾಶ. ಕಾಣೋದು ಮಾತ್ರ ಮಂಕೋ ಮಂಕು. ಲೆಕ್ಕ ಹಾಕಿದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಶಾಪ್ಲಿ ಎಷ್ಟೇ ಉದಾರವಾಗಿ ಕ್ಷೀರಪಥವನ್ನು ಹಿಗ್ಗಿಸಿದ್ದರೂ ಅದರೊಳಗೆ ಇದು ಹಿಡಿಸೋದಿಲ್ಲ.

1924ರ ಫೆಬ್ರವರಿಯಲ್ಲಿ ಹಬಲ್ ಈ ಸುದ್ದಿಯನ್ನು ಶಾಪ್ಲಿಗೇ ಬರೆದು ಕಳಿಸಿದ. ನನ್ನ ವಿಶ್ವವನ್ನೇ ಹಾಳುಮಾಡಿದ ಕಾಗದ ನೋಡು ಅಂತ ಶಾಪ್ಲಿ ಅದನ್ನು ಖಗೋಳಜ್ಞೆ ಸಿಸಿಲಿಯಾ ಪೇನ್‌ಗೆ ತೋರಿಸಿದನಂತೆ. ಪಾಪ, ಸೆಫೀಡ್‌ಗಳಿಂದ ಕ್ಷೀರಪಥವನ್ನು ಅಳೆದು, ಸೂರ್ಯ ಅದರ ನಡುವೆ ಇಲ್ಲ ಅಂತ ತೋರಿಸಿದ್ದವನು ಅವನೇ. ಹಬಲ್ ಲೆಕ್ಕಕ್ಕೆ ಬಳಸಿದ್ದೂ ಅವನು ಗುರುತು ಹಾಕಿಟ್ಟ ಅಳತೆಪಟ್ಟಿಯನ್ನೇ. 1925ರ ಜನವರಿ 1ರಂದು ಹಬಲ್‌ನ ಪ್ರಬಂಧವನ್ನು ವಾಷಿಂಗ್ಟನ್‌ನಲ್ಲಿ ಓದಿದರು. ಅದನ್ನು ಕೇಳಲು ಲೀವಿಟ್ ಇರಲಿಲ್ಲ. 1921ರಲ್ಲೇ ತೀರಿಕೊಂಡಿದ್ದಳು.

ಆ 9 ಲಕ್ಷವೂ ತಪ್ಪೇ. ಸೆಫೀಡ್‌ಗಳಲ್ಲಿ ಎರಡು ಜಾತಿ ಇವೆ, ಅವನ್ನು ಬೆರೆಸಿ ಲೆಕ್ಕ ಮಾಡಿದ್ದೇವೆ ಅಂತ 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದ. ಆಂಡ್ರೊಮಿಡಾ ಒಂದೇ ಏಟಿಗೆ ಎರಡು ಪಟ್ಟು ದೂರ ಹೋಯಿತು. ಈಗಿನ ಲೆಕ್ಕದಲ್ಲಿ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಅದೇನೂ ಅಲ್ಲಾಡಿರಲಿಲ್ಲ, ನಮ್ಮ ಪಟ್ಟಿಯ ಗುರುತುಗಳು ಬದಲಾದವು ಅನ್ನಬಹುದಿತ್ತು. ಆದರೆ ಅದು ಅಲ್ಲಾಡುತ್ತಲೂ ಇದೆ. ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಆ ವೇಗವನ್ನು ವೆಸ್ಟೊ ಸ್ಲೈಫರ್ 1912ರಲ್ಲೇ ಅಳೆದಿದ್ದ, ಬರುತ್ತಿರುವುದು ಏನು ಅಂತ ಯಾರಿಗೂ ಗೊತ್ತಾಗುವ ಮುಂಚೆಯೇ.