ವ್ರಿಲ್: ಕಾದಂಬರಿಯಲ್ಲಿ ಹುಟ್ಟಿದ ಶಕ್ತಿ

ಇಂಗ್ಲಿಷ್ ಲೇಖಕ ಎಡ್ವರ್ಡ್ ಬುಲ್ವರ್-ಲಿಟ್ಟನ್ 1871ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ 'ದಿ ಕಮಿಂಗ್ ರೇಸ್' ಕಾದಂಬರಿಗಾಗಿ ಕಟ್ಟಿದ ಪದ 'ವ್ರಿಲ್'. ಗಣಿಯೊಳಗೆ ಇಳಿದ ಅಮೆರಿಕನ್ ನಿರೂಪಕನಿಗೆ ನೆಲದಡಿ ಒಂದು ಜನಾಂಗ ಎದುರಾಗುತ್ತದೆ. ಅವರು ವ್ರಿಲ್-ಯಾ; ಅವರ ಬದುಕನ್ನೆಲ್ಲ ನಡೆಸುವ ಶಕ್ತಿ ವ್ರಿಲ್.

ಇದಕ್ಕೆ 'ಮಂತ್ರಶಕ್ತಿ' ಎಂದರೂ ಅರ್ಧ ಅರ್ಥ, 'ವಿದ್ಯುತ್' ಎಂದರೂ ಅರ್ಧ ಅರ್ಥ. ಪ್ರಕೃತಿಯ ಬೇರೆಬೇರೆ ಶಕ್ತಿಗಳಿಗೆ ಮೂಲ ಒಂದೇ ಇರಬೇಕೆಂಬ ವಿಜ್ಞಾನಿ ಫ್ಯಾರಡೆಯ ನಂಬಿಕೆಯನ್ನು ಕಾದಂಬರಿ ಅವನ ಹೆಸರು ಹೇಳಿಯೇ ಎತ್ತಿಕೊಳ್ಳುತ್ತದೆ. ಆ ಕಾಲದಲ್ಲಿ ಮನೆಮಾತಾಗಿದ್ದ ಮೆಸ್ಮರಿಸಂ (ಒಬ್ಬರು ಇನ್ನೊಬ್ಬರನ್ನು ಸಮ್ಮೋಹನಕ್ಕೆ ಒಳಪಡಿಸುವ ವಿದ್ಯೆ) ಅನ್ನೂ ಅದರೊಳಗೆ ಸೇರಿಸುತ್ತದೆ. ಹಾಗಾಗಿ ದೀಪ ಬೆಳಗುವುದು, ಬಂಡೆ ಸೀಳುವುದು, ರೋಗ ವಾಸಿಮಾಡುವುದು, ಇನ್ನೊಬ್ಬರ ಮನಸ್ಸನ್ನು ಹಿಡಿತಕ್ಕೆ ತರುವುದು ಎಲ್ಲವೂ ಒಂದೇ ಶಕ್ತಿಯ ಕೆಲಸ.

ನನಗೆ ಇದರ ಸತ್ವ ಕಾಣುವುದು ಲಿಟ್ಟನ್ ಹಾಕಿದ ಮಿತಿಗಳಲ್ಲಿ. ವ್ರಿಲ್ ಹರಿಸಲು ಒಂದು ಟೊಳ್ಳು ದಂಡ ಬೇಕು. ಅದರ ಹಿಡಿಯಲ್ಲಿರುವ ಕೀಲಿಗಳನ್ನು ಒತ್ತುವ ರೀತಿಯ ಮೇಲೆ ಅದು ಸುಡುತ್ತದೋ ಗುಣಪಡಿಸುತ್ತದೋ ಎಂಬುದು ನಿಂತಿದೆ. ಆದರೆ ದಂಡ ಸಿಕ್ಕಿದ ಮಾತ್ರಕ್ಕೆ ಯಾರೂ ಅದನ್ನು ನಡೆಸಲಾರರು. ವ್ರಿಲ್-ಯಾ ಜನರ ಹೆಬ್ಬೆರಳ ಬುಡದಲ್ಲಿ ಎದ್ದು ಕಾಣುವ ಒಂದು ನರವಿದೆ. ತಲೆಮಾರುಗಳ ಬಳಕೆಯಿಂದ ಬೆಳೆದದ್ದು, ನಿರೂಪಕನಿಗೆ ಇಲ್ಲದ್ದು. ಮನುಷ್ಯನ ವಿಕಾಸವನ್ನು ಕುರಿತ ಡಾರ್ವಿನ್ನನ 'ದಿ ಡಿಸೆಂಟ್ ಆಫ್ ಮ್ಯಾನ್' ಹೊರಬಂದದ್ದೂ 1871ರಲ್ಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಮಗುವಿನ ಕೈಯ ದಂಡವೂ ಕೋಟೆಯನ್ನು ಪುಡಿಮಾಡಬಲ್ಲದಾದ್ದರಿಂದ, ವ್ರಿಲ್ ಬಲ್ಲ ಎರಡು ಪಂಗಡಗಳು ಕಾದಾಡಿದರೆ ಇಬ್ಬರೂ ಉಳಿಯುವುದಿಲ್ಲ. ಅಲ್ಲಿ ಯುದ್ಧ ನಿಂತುಹೋದದ್ದು ಈ ಭಯದಿಂದ. ಅಣುಬಾಂಬಿಗಿಂತ ಎಪ್ಪತ್ತು ವರ್ಷಕ್ಕೂ ಹಿಂದೆ ಬರೆದ ಮಾತಿದು.

ಪದ ಪುಸ್ತಕದಿಂದ ಬೇಗನೆ ಹೊರಬಂತು. ಗೋಮಾಂಸದ ಸಾರಕ್ಕೆ 'ಬೋವ್ರಿಲ್' ಎಂದು ಹೆಸರಿಟ್ಟಾಗ ಎತ್ತು ಎಂಬರ್ಥದ ಲ್ಯಾಟಿನ್ ಪದದ ಜೊತೆ ಸೇರಿದ್ದು ಇದೇ ವ್ರಿಲ್. 1891ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆಸ್ಪತ್ರೆಯೊಂದರ ನಿಧಿಗಾಗಿ ವ್ರಿಲ್-ಯಾ ಬಜಾರ್ ಎಂಬ ಮೇಳ ನಡೆಯಿತು.

ಓದುಗರು ಎಡವುವುದು ಇದರ ಮುಂದೆ. ಅಧ್ಯಾತ್ಮ, ಗುಪ್ತವಿದ್ಯೆಗಳ ಸಂಘವಾದ ಥಿಯಾಸಾಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ ವ್ರಿಲ್ ಹೆಸರಷ್ಟೇ ಕಲ್ಪನೆ, ಶಕ್ತಿ ನಿಜ ಎಂದು ಬರೆದರು. ಜರ್ಮನಿ ಬಿಟ್ಟುಬಂದಿದ್ದ ವಿಜ್ಞಾನ ಲೇಖಕ ವಿಲ್ಲಿ ಲೇ 1947ರಲ್ಲಿ, ವ್ರಿಲ್ ಹುಡುಕುತ್ತಿದ್ದ ಬರ್ಲಿನ್ನಿನ ಒಂದು ಗುಂಪಿನ ಬಗ್ಗೆ ಕೆಲವೇ ಸಾಲು ಬರೆದರು. 1960ರ ಒಂದು ಫ್ರೆಂಚ್ ಪುಸ್ತಕ ಅದನ್ನೇ ನಾಜಿಗಳ ಬೆನ್ನಿಗಿದ್ದ ಬಲಿಷ್ಠ 'ವ್ರಿಲ್ ಸೊಸೈಟಿ'ಯಾಗಿ ಉಬ್ಬಿಸಿತು. ಅಂಥ ಪ್ರಭಾವಿ ಸಂಘವಿತ್ತು ಎನ್ನಲು ದಾಖಲೆಯಿಲ್ಲ. ಲಿಟ್ಟನ್ ಸ್ವತಃ ಗೆಳೆಯ ಜಾನ್ ಫಾರ್ಸ್ಟರ್‌ಗೆ ಬರೆದ ಪತ್ರದಲ್ಲಿ, ತನ್ನ ಮನಸ್ಸಿನಲ್ಲಿದ್ದದ್ದು ಮೆಸ್ಮರಿಸಂ ಅಲ್ಲ, ಮುಂದೆ ಎಂದೋ ಹೊಸ ಉಪಯೋಗಗಳಿಗೆ ಬೆಳೆಯಲಿರುವ ವಿದ್ಯುತ್ತು ಎಂದು ತಿಳಿಸಿದ್ದ.